ನೀರಿನ ಟ್ಯಾಂಕ್ ನಿಯಂತ್ರಣ ಪೆಟ್ಟಿಗೆ: ಒಳಗಿನ ಚಿಪ್ ಯಾವುದಿರಬೇಕು?

ಕೊಳವೆಬಾವಿಯ ಪಂಪನ್ನು ತಾನಾಗಿ ಚಾಲನೆಗೊಳಿಸಿ, ಓವರ್‌ಹೆಡ್ ಟ್ಯಾಂಕ್ ತುಂಬಿದೊಡನೆ ನಿಲ್ಲಿಸುವ ನಿಯಂತ್ರಣ ಪೆಟ್ಟಿಗೆಯ ದರಪಟ್ಟಿಗಳಲ್ಲಿ ‘ಎವಿಆರ್’, ‘ಇಎಸ್‌ಪಿ32’, ‘ಎಸ್‌ಟಿಎಂ32’ ಎಂಬ ಹೆಸರುಗಳನ್ನು ಸದಸ್ಯರು ಕಾಣಬಹುದು. ಇವು ಮೈಕ್ರೊಕಂಟ್ರೋಲರ್ ಕುಟುಂಬಗಳು. ಸೆನ್ಸರ್ ನೀಡುವ ಮಾಹಿತಿಯನ್ನು ಓದಿ, ತನ್ನಲ್ಲಿ ತುಂಬಿದ ಪ್ರೋಗ್ರಾಮಿನಂತೆ ಸ್ಟಾರ್ಟರನ್ನು ನಡೆಸುವ, ಒಂದೇ ಚಿಪ್ಪಿನಲ್ಲಿ ಅಡಕವಾದ ಸಣ್ಣ ಗಣಕವೇ ಮೈಕ್ರೊಕಂಟ್ರೋಲರ್. ಪೆಟ್ಟಿಗೆಯ ಬೆಲೆಯಲ್ಲಿ ಚಿಪ್ಪಿನ ಪಾಲು ಅಲ್ಪ. ಆದರೆ ಪೆಟ್ಟಿಗೆ ಕೆಟ್ಟಾಗ ಊರು ಎಷ್ಟು ದಿನ ನೀರಿಗಾಗಿ ಕಾಯಬೇಕೆಂಬುದು ಬಹುಮಟ್ಟಿಗೆ ಈ ಆಯ್ಕೆಯನ್ನೇ ಅವಲಂಬಿಸಿದೆ.

ಎವಿಆರ್ 1990ರ ದಶಕದಿಂದ ಬಳಕೆಯಲ್ಲಿರುವ 8 ಬಿಟ್ ಕುಟುಂಬ. ಶಾಲೆಗಳ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿ ಮಕ್ಕಳು ಬಳಸುವ ಆರ್ಡುಯಿನೊ ಊನೊ ಫಲಕದಲ್ಲಿರುವುದು ಇದೇ ಕುಟುಂಬದ ಎಟಿಮೆಗಾ328ಪಿ. ಅದರ ಪ್ರೋಗ್ರಾಂ ಸ್ಮೃತಿ 32 ಕಿಲೋಬೈಟ್ ಮಾತ್ರ. ಟ್ಯಾಂಕಿನ ಮೇಲ್ಮಟ್ಟ ಹಾಗೂ ಕೆಳಮಟ್ಟವನ್ನು ಗುರುತಿಸಲು, ಬಾವಿ ಬತ್ತಿದಾಗ ಮೋಟಾರು ಸುಡದಂತೆ ನಿಲ್ಲಿಸಲು ಅಷ್ಟು ಧಾರಾಳವಾಗಿ ಸಾಕು. ‘32 ಬಿಟ್, ಆದ್ದರಿಂದ ಉತ್ತಮ’ ಎಂಬ ಸರಬರಾಜುದಾರರ ಮಾತನ್ನು ಇಲ್ಲಿ ಪರಿಗಣಿಸಬೇಕಿಲ್ಲ.

ಇಎಸ್‌ಪಿ32 ಚಿಪ್ಪಿನಲ್ಲಿ ವೈಫೈ ಅಡಕವಾಗಿದೆ. ಪಂಚಾಯತಿ ಕಟ್ಟಡದ ಪಕ್ಕದಲ್ಲೇ ಟ್ಯಾಂಕ್ ಇದ್ದು, ಅಲ್ಲಿ ಅಂತರ್ಜಾಲ ಸಂಪರ್ಕವಿದ್ದರೆ ಇದು ಯೋಗ್ಯ ಆಯ್ಕೆ. ಊರಾಚೆಯ ದಿಬ್ಬದ ಟ್ಯಾಂಕಿಗೆ ವೈಫೈ ತಲುಪದು. ಅಲ್ಲಿಂದ ಮೊಬೈಲಿಗೆ ಸಂದೇಶ ಬರಬೇಕಾದರೆ ಸಿಮ್ ಇರುವ ಮೋಡೆಮ್ ಪ್ರತ್ಯೇಕವಾಗಿ ಬೇಕು, ಮತ್ತು ಅದನ್ನು ಎವಿಆರ್‌ಗೂ ಜೋಡಿಸಬಹುದು. ಆ ಮೋಡೆಮ್ 2ಜಿ ಆಗಿರದಂತೆ ನೋಡಿಕೊಳ್ಳತಕ್ಕದ್ದು. ಜಿಯೋ ಜಾಲದಲ್ಲಂತೂ 2ಜಿ ಸೇವೆಯೇ ಇಲ್ಲ. ಇದಲ್ಲದೆ ಇಎಸ್‌ಪಿ32 ನಡೆಯುವುದು 3.3 ವೋಲ್ಟಿನಲ್ಲಿ. 5 ವೋಲ್ಟಿನ ಸೆನ್ಸರನ್ನು ನೇರವಾಗಿ ಜೋಡಿಸಿದರೆ ಚಿಪ್ಪಿಗೆ ಹಾನಿಯಾಗಬಹುದು.

ಎಸ್‌ಟಿಎಂ32 ಹಲವು ಪಂಪು, ವಾಲ್ವು, ಮೀಟರುಗಳನ್ನು ಏಕಕಾಲಕ್ಕೆ ನಿರ್ವಹಿಸುವ ಬಹುಗ್ರಾಮ ಯೋಜನೆಗಳಿಗೆ ತಕ್ಕುದು.

ಕುಟುಂಬ ಯಾವುದೇ ಆಗಲಿ, ಪ್ರೋಗ್ರಾಮಿನ ಮೂಲಪ್ರತಿ ಯಾರಲ್ಲಿದೆ ಎಂಬುದು ಹೆಚ್ಚು ಮುಖ್ಯ. ತಯಾರಕರು ಚಿಪ್ಪಿಗೆ ಬೀಗ ಹಾಕಿದರೆ ಅದರೊಳಗಿನ ಪ್ರೋಗ್ರಾಮನ್ನು ನಕಲಿಸಿಕೊಳ್ಳಲಾಗದು. ಹೊಸ ಚಿಪ್ ಪೇಟೆಯಲ್ಲಿ ದೊರೆತರೂ ಅದಕ್ಕೆ ತುಂಬಲು ಪಂಚಾಯತಿಯ ಬಳಿ ಏನೂ ಇರದು. ಆ ಸರಬರಾಜುದಾರ ಸಿಗದಿದ್ದರೆ ಇಡೀ ಪೆಟ್ಟಿಗೆಯನ್ನೇ ಹೊಸದಾಗಿ ಖರೀದಿಸಬೇಕಾಗುತ್ತದೆ. ಆದಕಾರಣ ಪ್ರೋಗ್ರಾಮಿನ ಮೂಲಪ್ರತಿ, ಸರ್ಕ್ಯೂಟ್ ನಕ್ಷೆ ಹಾಗೂ ಪ್ರೋಗ್ರಾಂ ತುಂಬಿದ ಒಂದು ಹೆಚ್ಚುವರಿ ಫಲಕವನ್ನು ಒದಗಿಸಬೇಕೆಂಬ ಷರತ್ತು ಕಾರ್ಯಾದೇಶದಲ್ಲಿಯೇ ಇರತಕ್ಕದ್ದು. ಅಂತಿಮ ಬಿಲ್ಲಿಗೆ ಮುನ್ನ, ಆ ಫಲಕವನ್ನು ಕೂಡಿಸಿ ಪಂಪ್ ನಡೆಸಿ ತೋರಿಸುವಂತೆ ಸದಸ್ಯರು ಕೇಳಬಹುದು.

ಸಿಡಿಲು ಹಾಗೂ ವೋಲ್ಟೇಜ್ ಏರಿಳಿತದಿಂದ ಯಾವ ಚಿಪ್ ಬೇಕಾದರೂ ಕೆಡಬಹುದು. ಅಂಥ ದಿನ ನೀರುಗಂಟಿಯು ಪೆಟ್ಟಿಗೆಯನ್ನು ಬದಿಗಿರಿಸಿ ಪಂಪನ್ನು ಕೈಯಿಂದಲೇ ಚಾಲೂ ಮಾಡಲು ಪ್ರತ್ಯೇಕ ಸ್ವಿಚ್ ಇದೆಯೇ ಎಂಬುದನ್ನು ಸ್ಥಳದಲ್ಲೇ ಪರಿಶೀಲಿಸುವುದು.