ಸಣ್ಣ ಬಚ್ಚಲುಮನೆಗೆ ಯಾವ ಬಣ್ಣ?

ಬೆಳಗಿನ ಜಾವ. ಮನೆಯ ಅಜ್ಜಿ ದೀಪ ಹಾಕದೆಯೇ ಬಚ್ಚಲುಮನೆಗೆ ಹೋಗುತ್ತಾಳೆ. ಗೋಡೆಗೆ ಕಡುಕೆಂಪು ಬಣ್ಣ. ನೆಲಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟು. ಇಳಿಯುವ ಮೆಟ್ಟಿಲೂ ಅದೇ ಕಲ್ಲಿನದು. ಮೆಟ್ಟಿಲಿನ ಅಂಚು ಕಾಣದೆ ಕಾಲು ಜಾರುತ್ತದೆ. ಇಂಥ ಪ್ರಸಂಗದಲ್ಲಿ ನಾವು ನೀರನ್ನೋ ಪಾಚಿಯನ್ನೋ ದೂರುತ್ತೇವೆ. ಈ ಅಪಾಯದಲ್ಲಿ ಬಣ್ಣಕ್ಕೂ ಪಾಲುಂಟೆಂಬುದು ನಮಗೆ ಹೊಳೆಯುವುದೇ ಇಲ್ಲ.

ಹುನಗುಂದದ ಕಡೆಯ ಹಳೆಯ ಮಾಳಿಗೆಮನೆಗಳಲ್ಲಿ ಬಚ್ಚಲು ಒಂದು ಮೂಲೆಯಲ್ಲಿರುತ್ತದೆ. ಗೋಡೆ ದಪ್ಪ, ಬೆಳಕು ಬರುವುದು ಸಣ್ಣ ಬೆಳಕಿಂಡಿಯಿಂದ ಮಾತ್ರ. ಆಲಮಟ್ಟಿಯ ಹಿನ್ನೀರಿನಿಂದಾಗಿ ಬಾಗಲಕೋಟೆಯ ಹಳೆಯ ಪಟ್ಟಣವನ್ನು ಬಿಟ್ಟು ಅನೇಕ ಕುಟುಂಬಗಳು ನವನಗರದಲ್ಲಿ ಹೊಸ ಮನೆ ಕಟ್ಟಿಕೊಂಡವು. ಮನೆ ಹಳೆಯದಿರಲಿ ಹೊಸದಿರಲಿ, ಬಚ್ಚಲು ಚಿಕ್ಕದಾಗಿದ್ದರೆ ಬಣ್ಣದ ಪ್ರಶ್ನೆ ಒಂದೇ.

ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ಒಂದಂಶವನ್ನು ಗೋಡೆ ಹೀರಿಕೊಳ್ಳುತ್ತದೆ. ಉಳಿದುದನ್ನು ಹಿಂದಕ್ಕೆ ಕಳುಹಿಸುತ್ತದೆ. ಇದಕ್ಕೆ ಪ್ರತಿಫಲನವೆಂದು ಹೆಸರು. ಒಳ್ಳೆಯ ಬಿಳಿ ಸುಣ್ಣವು 100 ಪಾಲು ಬೆಳಕಿನಲ್ಲಿ 80 ಪಾಲನ್ನು ಹಿಂದಿರುಗಿಸುವುದೆಂದು ಎಣಿಸೋಣ. ಆ 80 ಪಾಲು ಎದುರುಗೋಡೆಗೆ ತಗುಲಿ 64 ಆಗುತ್ತದೆ. ಮೂರನೆಯ ಸಲ ತಗುಲಿದಾಗ 51 ಉಳಿಯುತ್ತದೆ. ಗಾಢವಾದ ಕಾವಿಬಣ್ಣವು 20 ಪಾಲನ್ನಷ್ಟೇ ಹಿಂದಿರುಗಿಸುವುದಾದರೆ ಮೊದಲ ಸಲ 20, ಎರಡನೆಯ ಸಲ 4, ಮೂರನೆಯ ಸಲ ಒಂದಕ್ಕಿಂತಲೂ ಕಡಿಮೆ! ಬೆಳಕಿಂಡಿ ಒಂದೇ, ಹೊರಗಿನ ಸೂರ್ಯನೂ ಒಬ್ಬನೇ. ಆದರೂ ಒಂದು ಬಚ್ಚಲು ಬೆಳಗುತ್ತದೆ, ಇನ್ನೊಂದು ಕತ್ತಲಲ್ಲಿ ಉಳಿಯುತ್ತದೆ.

ತಿಳಿಬಣ್ಣದಲ್ಲಿಯೂ ಒಂದು ಮೋಸವುಂಟು. ತಿಳಿಹಳದಿ ಬಣ್ಣವು ಹಳದಿ ಕಿರಣಗಳಲ್ಲಿ 80 ಪಾಲನ್ನೂ ನೀಲಿ ಕಿರಣಗಳಲ್ಲಿ 50 ಪಾಲನ್ನೂ ಹಿಂದಿರುಗಿಸುತ್ತದೆಂದು ತಿಳಿಯೋಣ. ಮೂರು ಸಲ ಪ್ರತಿಫಲಿಸಿದ ಮೇಲೆ ಹಳದಿ 51 ಪಾಲು ಉಳಿದರೆ ನೀಲಿ ಉಳಿಯುವುದು ಸುಮಾರು 12 ಪಾಲು ಮಾತ್ರ. ಹೀಗೆ ಬೆಳಕು ಗೋಡೆಯಿಂದ ಗೋಡೆಗೆ ಹಾಯ್ದಂತೆಲ್ಲ ಹಳದಿಯು ಗಾಢವಾಗುತ್ತ ಹೋಗುತ್ತದೆ. ಗೋಡೆಗಳು ಹತ್ತಿರ ಹತ್ತಿರವಿರುವ ಸಣ್ಣ ಕೋಣೆಯಲ್ಲಿ ಈ ಪರಿಣಾಮ ಎದ್ದು ಕಾಣುತ್ತದೆ. ಆದುದರಿಂದ ಅಂಗಡಿಯ ಚೀಟಿಯಲ್ಲಿ ಮೆಚ್ಚಿದ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದುದನ್ನು ಆರಿಸುವುದು ಜಾಣತನ. ಸುಣ್ಣವನ್ನು ಬಳಿದೊಡನೆ ನೋಡಿ ತೀರ್ಮಾನಿಸಲೂಬಾರದು. ಸುಣ್ಣದ ಕಣಗಳ ನಡುವಣ ನೀರು ಆರಿ ಅಲ್ಲಿ ಗಾಳಿ ತುಂಬಿದ ಮೇಲೆಯೇ ಬೆಳಕು ಚೆನ್ನಾಗಿ ಚದರಿ ನಿಜವಾದ ಬಿಳುಪು ಹೊರಬೀಳುತ್ತದೆ.

ತೇವವಿರುವ ಗೋಡೆಗೆ ಸುಣ್ಣ ಒಗ್ಗುವ ವಸ್ತು. ಹೊಸ ಸುಣ್ಣವು ತೀಕ್ಷ್ಣವಾದ ಕ್ಷಾರವಾದುದರಿಂದ ಅದರ ಮೇಲೆ ಬೂಷ್ಟು ಸುಲಭವಾಗಿ ಬೆಳೆಯದು. ಕ್ರಮೇಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಕ್ಯಾಲ್ಸಿಯಂ ಕಾರ್ಬೊನೇಟಾಗುತ್ತದೆ. ಆಗ ಕ್ಷಾರಗುಣ ಕುಗ್ಗುತ್ತದೆ. ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ನಮ್ಮ ರೂಢಿಯಿಂದ ಈ ಗುಣ ಮತ್ತೆ ಬರುತ್ತದೆ. ಹಂಡೆಯ ಒಲೆಯ ಮಸಿಯೂ ಮುಚ್ಚಿಹೋಗುತ್ತದೆ. ಸುಣ್ಣದ ಪದರದ ಮೂಲಕ ಗೋಡೆಯ ತೇವ ಹೊರಗೆ ಆವಿಯಾಗಬಲ್ಲದು. ಎಣ್ಣೆಬಣ್ಣವಾದರೋ ತೇವವನ್ನು ಒಳಗೇ ತಡೆಯುತ್ತದೆ; ಕೊನೆಗೆ ಗುಳ್ಳೆಯೆದ್ದು ಸುಲಿದುಬೀಳುತ್ತದೆ.

ಸುಣ್ಣಕ್ಕೆ ಬೆರೆಸುವ ಬಣ್ಣ ಕ್ಷಾರಕ್ಕೆ ಹೆದರದಂಥದಾಗಿರಬೇಕು. ಬಾದಾಮಿಯ ಬಂಡೆಗಳನ್ನು ಕೆಂಪಾಗಿಸಿರುವುದು ಕಬ್ಬಿಣದ ಆಕ್ಸೈಡು. ಕೆಮ್ಮಣ್ಣಿಗೂ ಕಾವಿಗೂ ಬಣ್ಣ ಕೊಡುವುದು ಅದೇ. ಅದು ಸುಣ್ಣದಲ್ಲಿ ಕೆಡುವುದಿಲ್ಲ. ಪ್ರಷ್ಯನ್ ನೀಲಿಯಾದರೆ ಕ್ಷಾರದಲ್ಲಿ ಕೆಟ್ಟು ಕಂದಾಗುತ್ತದೆ.

ಇನ್ನು ಅಜ್ಜಿಯ ಮೆಟ್ಟಿಲಿಗೆ ಮರಳೋಣ. ಮಂದಬೆಳಕಿನಲ್ಲಿ ಕೆಂಪು ಕಪ್ಪಾಗಿ ಕಾಣುವುದನ್ನೂ ನೀಲಿ ಅದಕ್ಕಿಂತ ಬೆಳ್ಳಗೆ ತೋರುವುದನ್ನೂ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ 1825ರಲ್ಲಿ ವಿವರಿಸಿದನು. ಹಗಲಿನಲ್ಲಿ ಕಣ್ಣಿನ ಶಂಕುಕೋಶಗಳು ಕೆಲಸಮಾಡುತ್ತವೆ. ಬೆಳಕು ತೀರ ಕಡಿಮೆಯಾದಾಗ ದಂಡಕೋಶಗಳು ಆ ಹೊಣೆಯನ್ನು ಹೊರುತ್ತವೆ. ದಂಡಕೋಶಗಳಿಗೆ ಕೆಂಪು ಕಿರಣಗಳು ಗೋಚರವಾಗುವುದು ಬಹಳ ಅಲ್ಪ. ಹೀಗಾಗಿ ಕೆಂಪು ನೆಲ, ಕೆಂಪು ಮೆಟ್ಟಿಲು, ಕೆಂಪು ಗೋಡೆಗಳು ಬೆಳಗಿನ ಜಾವದಲ್ಲಿ ಒಂದೇ ಕಪ್ಪು ಮುದ್ದೆಯಾಗುತ್ತವೆ. ಮೆಟ್ಟಿಲಿನ ಅಂಚಿಗೆ ಕಾವಿಯ ಪಟ್ಟೆ ಎಳೆದರೂ ಫಲವಿಲ್ಲ. ಎಳೆಯಬೇಕಾದುದು ಬಿಳಿಯ ಪಟ್ಟೆಯನ್ನು.

ಓದುಗ ಮಿತ್ರರು ಒಂದು ಪ್ರಯೋಗ ಮಾಡಿನೋಡಬಹುದು. ಪಾದರಕ್ಷೆಯ ಖಾಲಿ ರಟ್ಟಿನ ಪೆಟ್ಟಿಗೆಯ ಒಳಮೈಗೆಲ್ಲ, ಮುಚ್ಚಳಕ್ಕೂ ಸಹ, ತಿಳಿಹಳದಿ ಕಾಗದವನ್ನು ಅಂಟಿಸಿರಿ. ಮುಚ್ಚಳದಲ್ಲಿ ಬೆಳಕಿಗೊಂದು, ಕಣ್ಣಿಗೊಂದು ರಂಧ್ರ ಮಾಡಿ ಒಳಗೆ ನೋಡಿರಿ. ಉಳಿದ ಕಾಗದದ ತುಂಡನ್ನು ಹೊರಗಿಟ್ಟು ಹೋಲಿಸಿರಿ. ಕಾಗದ ಒಂದೇ ಆದರೂ ಒಳಗಿನ ಹಳದಿ ಗಾಢವಾಗಿ ತೋರುವುದು. ಅದೇ ನಿಮ್ಮ ಬಚ್ಚಲುಮನೆಯ ಮಾದರಿ. ಇದನ್ನು ಮನೆಯ ಹಿರಿಯರಿಗೂ ತೋರಿಸಿರಿ. ಅಂದೇ ಒಂದು ಹಿಡಿ ಸುಣ್ಣ ಕಲಸಿ ಮೆಟ್ಟಿಲಿನ ಅಂಚಿಗೆ ಬಿಳಿಯ ಗೆರೆ ಎಳೆಯಿರಿ. ಸುಣ್ಣ ತೀಕ್ಷ್ಣವಾದುದರಿಂದ ಕಣ್ಣಿಗೂ ಬರಿಗೈಗೂ ತಾಗದಂತೆ ಎಚ್ಚರವಿರಲಿ.