ಸೆಕೆಂಡಿನ ಲೆಕ್ಕ, ಅಣ್ಣನ ಹೆಗಲು

ರಜೆಗೆಂದು ಗೋವಾಕ್ಕೆ ಹೋಗುವ ನಮಗೆ ಪಣಜಿಯ ಮೀರಾಮಾರ್ ಎಂದರೆ ಸಂಜೆ ಮಕ್ಕಳನ್ನು ಆಡಿಸುವ ಮರಳದಂಡೆ. ಅದೇ ದಂಡೆಯಲ್ಲಿ 2019ರ ಅಕ್ಟೋಬರಿನಲ್ಲಿ ಐರನ್‌ಮ್ಯಾನ್ 70.3 ಸ್ಪರ್ಧೆ ಮೊದಲ ಸಲ ನಡೆಯಿತು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಅದು ತಾಳ್ಮೆಯ ಪರೀಕ್ಷೆ.

ನೋಡುವವರ ಎದೆ ಬಡಿಸುವುದು ಇದರ ಕಿರಿಯ ರೂಪ, ಒಲಿಂಪಿಕ್ಸ್‌ನ ಟ್ರಯಥ್ಲಾನ್. 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಸೈಕಲ್ ಇಳಿದು ಬೂಟು ಬದಲಿಸುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. 2024ರಲ್ಲಿ ಪ್ಯಾರಿಸ್‌ನಲ್ಲಿ 1 ಗಂಟೆ 43 ನಿಮಿಷ ಸೆಣಸಿದ ಅಲೆಕ್ಸ್ ಯೀ ಚಿನ್ನ ಗೆದ್ದದ್ದು ಕೇವಲ 6 ಸೆಕೆಂಡಿನಿಂದ! ಕಾಸಿಗೆ ಕಾಸು ಕೂಡಿಸುವ ವ್ಯಾಪಾರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ.

ಆದರೆ ಇಂಥ ಲೆಕ್ಕವನ್ನು ಬದಿಗಿಟ್ಟ ಗಳಿಗೆಯೂ ಉಂಟು. 2016ರಲ್ಲಿ ಮೆಕ್ಸಿಕೋದ ಕೊಜುಮೆಲ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ ಜಾನಿ ಬ್ರೌನ್‌ಲೀ, ಗೆರೆ ಕಣ್ಣಿಗೆ ಕಾಣುವಷ್ಟರಲ್ಲಿ ಬಿಸಿಲಿಗೆ ಬಸವಳಿದು ತತ್ತರಿಸಿದರು. ಹಿಂದೆ ಬಂದ ಅಣ್ಣ ಅಲಿಸ್ಟರ್ ತಾವು ಗೆಲ್ಲುವ ಆಸೆ ಬಿಟ್ಟು ಹೆಗಲು ಕೊಟ್ಟರು. ಜಾನಿಯನ್ನು ತಮಗಿಂತ ಮೊದಲು ಗೆರೆ ದಾಟಿಸಿದರು. ಜಾನಿಗೆ ಎರಡನೆಯ ಸ್ಥಾನ, ಅಣ್ಣನಿಗೆ ಮೂರನೆಯದು.

ಅಣ್ಣತಮ್ಮಂದಿರು ಕೂಡಿ ಅಂಗಡಿ ನಡೆಸುವ ನಮ್ಮ ಮನೆಗಳಲ್ಲಿ ಆ ದೃಶ್ಯವನ್ನು ಮಕ್ಕಳಿಗೊಮ್ಮೆ ತೋರಿಸೋಣ.