ಇಂಡಿ ಲಿಂಬೆಗೆ ಹೆಸರಿದೆ, ನಮ್ಮ ಬಾಟ್ಲಿಗೆ?

ನೋಂಬಿನ ಸಂಜೆ ಶರಬತ್ತಿಗೆ ಹಿಂಡುವ ಲಿಂಬೆ ಎಲ್ಲಿಯದು ಎಂದು ನಾವು ಕೇಳುವುದೇ ಇಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಎಷ್ಟೋ ರೈತರ ಬದುಕು ಅದರಲ್ಲಿದೆ. 'ಇಂಡಿ ಲಿಂಬೆ'ಗೆ 2023ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಇನ್ನು ಬೇರೆ ಊರಿನ ಲಿಂಬೆಯನ್ನು ಆ ಹೆಸರಲ್ಲಿ ಮಾರುವಂತಿಲ್ಲ.

ನಮ್ಮ ಮನೆಗಳಲ್ಲೂ ಲಿಂಬೆ ಉಪ್ಪಿನಕಾಯಿ ಹಾಕಿ ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಾರುವ ಸಹೋದರಿಯರಿದ್ದಾರೆ. ಆದರೆ ಇವತ್ತು ಕೆಂಪು ಪೋಸ್ಟರ್, ನಾಳೆ ನೀಲಿ. ಹೆಸರಿನ ಸ್ಪೆಲ್ಲಿಂಗೂ ಬೇರೆ ಬೇರೆ. ಗಿರಾಕಿಗೆ ಗುರುತು ಸಿಗುವುದು ಹೇಗೆ? ಅಮುಲ್ ಬೆಣ್ಣೆಯ ಹುಡುಗಿಯನ್ನು ನೋಡಿ. 1966ರಿಂದ ಅದೇ ಚುಕ್ಕಿ ಫ್ರಾಕು. ಮಾತು ಮಾತ್ರ ಪ್ರತಿಸಲ ಹೊಸತು.

ನಾವೂ ಹಾಗೆಯೇ ಮಾಡೋಣ. ಒಂದೇ ಹೆಸರು, ಎರಡೇ ಬಣ್ಣ, ಒಂದೇ ಅಕ್ಷರಶೈಲಿ. ಹೆಸರು ಮೇಲೆ, ತೂಕ, ಬೆಲೆ, ಫೋನ್ ನಂಬರ್ ಕೆಳಗೆ, ಯಾವಾಗಲೂ ಅದೇ ಜಾಗದಲ್ಲಿ. ಮಾದರಿಯೊಂದನ್ನು ಕ್ಯಾನ್ವಾದಲ್ಲಿ ಉಳಿಸಿಟ್ಟರೆ ಮುಂದಿನ ಸಲ ಫೋಟೊ, ಬೆಲೆ ಬದಲಿಸಿದರೆ ಸಾಕು. ಸ್ಟೇಟಸ್ 24 ಗಂಟೆಯಲ್ಲಿ ಮಾಯ. ಪ್ರತಿಸಲ ಒಂದೇ ರೀತಿ ಇದ್ದರೆ ಮಾತ್ರ ಜನರಿಗೆ ನೆನಪು.

ಫೋಟೊ ನಿಮ್ಮದೇ ಇರಲಿ, ಹಗಲು ಬೆಳಕಿನಲ್ಲಿ ತೆಗೆಯಿರಿ. ನೆಟ್‌ನಲ್ಲಿ ಹೆಚ್ಚಾಗಿ ಸಿಗುವುದು ದಪ್ಪ ಸಿಪ್ಪೆಯ, ಚೂಪು ತುದಿಯ ವಿದೇಶಿ ಲೆಮನ್. ಇಂಡಿಯದ್ದು ತೆಳು ಸಿಪ್ಪೆಯ ದುಂಡನೆ ಕಾಗ್ಜಿ ಲಿಂಬೆ. ಇನ್ನು ಸಂತೆಯಲ್ಲಿ ಸಿಕ್ಕಿದ ಲಿಂಬೆಯನ್ನು ಬಾಟ್ಲಿಗೆ ತುಂಬಿ 'ಇಂಡಿ' ಎಂದು ಬರೆಯುವುದಂತೂ ಬೇಡವೇ ಬೇಡ. ಅದು ಅಲ್ಲಿನ ರೈತರ ಹಕ್ಕು. ತೋರಿಸಿದ್ದು ಒಂದು, ಕೊಟ್ಟದ್ದು ಇನ್ನೊಂದು ಆದರೆ ಎಷ್ಟು ಚಂದದ ಪೋಸ್ಟರ್ ಹಾಕಿದರೂ ಗಿರಾಕಿ ಮತ್ತೆ ಬರಲಿಕ್ಕಿಲ್ಲ.